ಹಲ್ಲಕ್ಕ ಹಗ್ಗ ದಾಟಿದ ಶನಿವಾರ

ವೃತ್ತಿ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಗಂಟೆ ಬಾರಿಸುವ ಮೊದಲೇ ತೀರ್ಮಾನವಾಗಿರುತ್ತದೆ. ಇದು ನಿಮಗೆ ಗೊತ್ತಿರಬೇಕು. "ಅಯ್ಯೋ, ಅದೆಲ್ಲ ನಾಟಕ" ಎಂದು ಏನೋ ಭಾರೀ ಸಂಶೋಧನೆ ಮಾಡಿದವರ ಹಾಗೆ ಮೂಗು ಮುರಿಯುವವರಿಗೆ ಇನ್ನೊಂದು ಮಾತು. ಕುಸ್ತಿಯವರು ತಮ್ಮತಮ್ಮಲ್ಲಿ ಮಾತಾಡಿಕೊಂಡಿರುತ್ತಾರೆ, ನಿಜ. ನೆಲ ಯಾರ ಜೊತೆಗೂ ಮಾತಾಡಿಕೊಂಡಿರುವುದಿಲ್ಲ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಬೆರಳು ದಪ್ಪದ ಸ್ಪಂಜು, ಮೇಲೊಂದು ಕ್ಯಾನ್ವಾಸು, ಸುತ್ತ ಹಗ್ಗ. ನಂಬದಿದ್ದರೆ ನಿಮ್ಮ ಮನೆಯ ಮೇಜು ಹತ್ತಿ, ಬೆನ್ನು ಕೆಳಗೆ ಮಾಡಿ ಬಿದ್ದು ನೋಡಿ. ನಾಟಕದ ಹಾಗೆಯೇ ಬೀಳಿ, ಪರವಾಗಿಲ್ಲ.

ಈ ಕುಸ್ತಿ ನೋಡುವ ವಿದ್ಯೆಯಲ್ಲಿ ನಮ್ಮ ಊರಿಗೆಲ್ಲ ಗುರು ಹಲ್ಲಕ್ಕ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಯ ಬಾಯಿಗೆ ಎಂಜಲು ಹೀರುವ ಕೊಳವೆ ಹಿಡಿದು ನಿಲ್ಲುವುದು ಅವರ ಉದ್ಯೋಗ. ಆ ಹೊತ್ತಿನಲ್ಲಿ ಬಸ್ ಡಿಪೋ ಹಿಂದಿನ ಹಳೇ ಗೋದಾಮಿನಲ್ಲಿ ಪ್ರತಿ ಶನಿವಾರ ನಡೆಯುವ ಕುಸ್ತಿಯ ವಿಮರ್ಶೆ ಮಾಡುವುದು ಅವರ ಸಂತೋಷ. ಎದುರು ಮಾತು ಬಾರದ ವೇದಿಕೆ ಊರಿನಲ್ಲಿ ಇಬ್ಬರಿಗೇ ಸಿಕ್ಕಿದೆ: ಮಂತ್ರಿಗಳಿಗೆ, ಮತ್ತೆ ಹಲ್ಲಕ್ಕನಿಗೆ.

"ಬಾಯಿ ಅಗಲ ಮಾಡಿ. ಹೋದ ವಾರದ ಮ್ಯಾಚು ನೋಡಿದ್ರಾ? ಆ ಅಳಿಯಂದಿರು ಮೂಲೆ ಕಂಬ ಹತ್ತೋದು ನೋಡಿದ್ರೆ ಮೂರನೇ ಮಹಡಿಗೆ ಬೀರು ಸಾಗಿಸಿದ ಹಾಗಿತ್ತು. ಕೆಳಗೆ ಬಿದ್ದಿರೋನು ಅಲ್ಲಿವರೆಗೂ ಬಸ್ಸಿಗೆ ಕಾಯೋನ ಹಾಗೆ ಮಲಗಿರಬೇಕು, ಪಾಪ. ಉಗೀರಿ."

"ಆಂ... ಆಂ..."

"ಹೌದಲ್ವಾ? ನಾನೂ ಅದನ್ನೇ ಹೇಳೋದು."

ಅಳಿಯಂದಿರು ಎಂದರೆ ಚಾಂಪಿಯನ್. ಪೋಸ್ಟರಿನಲ್ಲಿ ಅವನ ಹೆಸರು ಸಿಡಿಲು. ಕುಸ್ತಿ ಕಂಪನಿಯ ಯಜಮಾನನ ಮಗಳನ್ನು ಮದುವೆಯಾದ ವರ್ಷವೇ ಬೆಲ್ಟು ಅವನ ಸೊಂಟಕ್ಕೆ ಬಂತು, ಆಮೇಲೆ ಇಳಿದಿಲ್ಲ. ಯಾರು ಗೆಲ್ಲಬೇಕು, ಯಾರು ಸೋಲಬೇಕು, ಯಾರು ಯಾರಿಗೆ ದ್ರೋಹ ಬಗೆಯಬೇಕು ಎಂದು ಮೊದಲೇ ಕಟ್ಟುವುದಕ್ಕೆ ಬುಕಿಂಗ್ ಎನ್ನುತ್ತಾರೆ. ಅದನ್ನು ಮಾಡುವವನು ಯಜಮಾನನೇ. ಅವನನ್ನು ಕೇಳಿದರೆ, ಪ್ರತಿಭೆ ನೋಡಿ ಕೊಟ್ಟದ್ದು ಎನ್ನುತ್ತಾನೆ. ಸರಿ, ಅಳಿಯ ಅಲ್ಲ, ಮಗಳ ಗಂಡ.

ಉಳಿದ ಬುಕಿಂಗಿನ ಬಗ್ಗೆಯೂ ಹಲ್ಲಕ್ಕನ ತೀರ್ಪು ಸಿದ್ಧವಿರುತ್ತದೆ. ಅಣ್ಣತಮ್ಮಂದಿರ ಜೋಡಿಯೊಂದು ತಿಂಗಳಿಗೊಮ್ಮೆ ಒಡೆದು, ತಿಂಗಳಿಗೊಮ್ಮೆ ತಬ್ಬಿಕೊಂಡು ಅಳುತ್ತದೆ. "ನಮ್ಮ ಮಾವನವರ ಆಸ್ತಿ ಪಾಲಿನಲ್ಲೂ ಇಷ್ಟು ಸಲ ಜಗಳ ಆಗಲಿಲ್ಲ ಕಣಮ್ಮ." ಹೆಂಗಸರ ಕುಸ್ತಿಯನ್ನು ಮಧ್ಯಂತರಕ್ಕೆ ಅಂಟಿಸಿ ಇಟ್ಟಿದ್ದಾರೆ. "ಜನ ಶೌಚಾಲಯಕ್ಕೆ ಹೋಗಿ ಬರೋದ್ರೊಳಗೆ ಮುಗಿಸಬೇಕಂತೆ. ಆ ಹುಡುಗಿ ಎತ್ತಿ ಹಾಕಿದ್ದನ್ನ ಈ ಅಳಿಯ ಕ್ರೇನ್ ತರಿಸಿದರೂ ಮಾಡಲಾರ."

ಅವರು ಗೋದಾಮಿಗೆ ಹೋಗುವುದು ತಮ್ಮ ಅತ್ತೆಯ ಜೊತೆ. ಮನೆಯಲ್ಲಿ ಕೂಗಲಾಗದ್ದನ್ನು ಅತ್ತೆ ಸೊಸೆ ಇಬ್ಬರೂ ಅಲ್ಲಿ ಮೊದಲ ಸಾಲಿನಲ್ಲಿ ಕೂತು ಕೂಗಿ ಬರುತ್ತಾರೆ. ಆ ಮನೆಯ ಶಾಂತಿಯ ಗುಟ್ಟು ಅದು. ಅತ್ತೆಗೆ ಮಾತ್ರ ಯಜಮಾನನ ಆ ಅಳಿಯನೆಂದರೆ ಪ್ರಾಣ.

"ನಿನಗೇನು ತಿಳಿಯುತ್ತೆ? ಮೈಕಟ್ಟು ನೋಡು ಆ ಮಗೂದು!"

"ಮೈಕಟ್ಟು ನೋಡೋಕೆ ಟಿಕೆಟ್ ಯಾಕೆ ಅತ್ತೆ? ಬಟ್ಟೆ ಅಂಗಡಿ ಗೊಂಬೆಗೂ ಅದೇ ಮೈಕಟ್ಟು. ಅದೂ ಕೈ ಎತ್ತಿದ್ರೆ ಇಳಿಸಲ್ಲ."

ಹಲ್ಲಕ್ಕನ ನೆಚ್ಚಿನ ಕುಸ್ತಿಯಾಳು ದಿಂಬು. ಹಗಲಲ್ಲಿ ಸೋಫಾ ಕುರ್ಚಿಗಳಿಗೆ ಹೊದಿಕೆ ಹೊಲಿಯುವವನು. ಶನಿವಾರ ಸೋಲುವವನು. ಮೇಲಿಂದ ಯಾರು ಹೇಗೆ ಬಿದ್ದರೂ ಅವರಿಗೆ ಪೆಟ್ಟಾಗದ ಹಾಗೆ ಕೆಳಗಿದ್ದು ತಡೆಯುತ್ತಾನೆ, ಅದಕ್ಕೇ ಆ ಹೆಸರು. ಅಳಿಯ ಸಿಡಿಲಿನಂತೆ ಕಾಣುವುದು ದಿಂಬು ಸುಟ್ಟುಹೋದವನಂತೆ ಬೀಳುವುದರಿಂದ. ಒಮ್ಮೆ ಕ್ಲಿನಿಕ್ಕಿನ ರೋಗಿಯ ಕುರ್ಚಿಗೆ ಹೊಸ ಹೊದಿಕೆ ಹಾಕಲು ಬಂದಿದ್ದಾಗ ಹಲ್ಲಕ್ಕ ಕೇಳಿಯೇಬಿಟ್ಟರು.

"ಅಲ್ಲಪ್ಪ, ನೀನು ಗೆಲ್ಲೋದು ಯಾವಾಗ?"

ದಿಂಬು ತುಟಿಯಲ್ಲಿ ಕಚ್ಚಿದ್ದ ಮೊಳೆ ತೆಗೆದು ನಕ್ಕ. "ಗೆದ್ದೋರಿಗೂ ಸೊಂಟಕ್ಕೆ ಬೆಲ್ಟು, ಸೋತೋರಿಗೂ ಸೊಂಟಕ್ಕೆ ಬೆಲ್ಟು ಅಕ್ಕ. ಅವರದ್ದು ಯಜಮಾನ್ರು ಕೊಡ್ತಾರೆ, ನಮ್ಮದು ಮೂಳೆ ಡಾಕ್ಟ್ರು ಕೊಡ್ತಾರೆ."

"ಹೆದರಿಕೆ ಆಗಲ್ವಾ?"

"ರೆಫ್ರಿ ಕೈ ಇದೆಯಲ್ಲ. ಆ ಧೈರ್ಯದ ಮೇಲೇ ಹಗ್ಗ ದಾಟೋದು."

ರೆಫ್ರಿ ಕೈ ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ನಿಜವಾಗಿ ಪೆಟ್ಟಾದರೆ ರೆಫ್ರಿ ಎರಡೂ ಕೈಗಳನ್ನು ತಲೆಯ ಮೇಲೆ ಕತ್ತರಿಯ ಹಾಗೆ ಅಡ್ಡ ಹಿಡಿಯುತ್ತಾನೆ. ಆಟ ನಿಲ್ಲಿಸಿ, ಇದು ಕಥೆಯಲ್ಲ ಎಂದು ಅರ್ಥ. ಅಲ್ಲಿ ನಡೆಯುವ ಸಾವಿರ ಸುಳ್ಳಿನ ನಡುವೆ ನಿಜಕ್ಕೆಂದು ಮೀಸಲಿಟ್ಟದ್ದು ಆ ಒಂದು ಸನ್ನೆ.

ಯಜಮಾನ ಅದನ್ನೂ ಮಾರಿದ. ಈ ವರ್ಷದ ಆರಂಭದಲ್ಲಿ, ಟಿಕೆಟ್ ಬಿಕರಿಯಾಗದೆ ಕುರ್ಚಿಗಳು ಆಕಳಿಸುತ್ತಿದ್ದಾಗ, ಅಳಿಯನಿಗೆ ಸುಳ್ಳು ಪೆಟ್ಟು ಮಾಡಿಸಿ, ರೆಫ್ರಿಯ ಕೈ ಅಡ್ಡ ಹಿಡಿಸಿ, ಆಂಬುಲೆನ್ಸ್ ಕರೆಸಿದ. ಹಲ್ಲಕ್ಕನ ಅತ್ತೆ ಎರಡು ಹೊತ್ತು ಊಟ ಬಿಟ್ಟರು. ಮುಂದಿನ ವಾರ ಅಳಿಯ ಅದೇ ಆಂಬುಲೆನ್ಸಿನಿಂದ ಜಿಗಿದು ಬಂದು ದಿಂಬುವನ್ನು ಹೊಡೆದ. ನೀವೂ ಅಲ್ಲಿದ್ದಿರಿ, ಎದ್ದು ನಿಂತು ಶಿಳ್ಳೆ ಹಾಕಿದಿರಿ. ಹಲ್ಲಕ್ಕ ಶಿಳ್ಳೆ ಹಾಕಲಿಲ್ಲ. "ಬೆಂಕಿ ಬಿದ್ದಾಗ ಬಾರಿಸೋ ಗಂಟೇನ ಊಟಕ್ಕೆ ಕರೆಯೋಕೆ ಬಾರಿಸಿದ್ರು. ಇನ್ನು ಬೆಂಕಿ ಬಿದ್ದಾಗ ಎಲ್ಲರೂ ತಟ್ಟೆ ಹಿಡ್ಕೊಂಡು ಬರ್ತಾರೆ" ಎಂದು ಬಂದವರ ಬಾಯಿಗೆಲ್ಲ ಕೊಳವೆ ಇಟ್ಟು ಹೇಳಿದರು. ಬಂದವರು ಬಾಯಿ ತೊಳೆದುಕೊಂಡು ಹೋದರು.

ಆ ಬೆಂಕಿ ಹೋದ ತಿಂಗಳ ಕೊನೆಯ ಶನಿವಾರ ಬಿತ್ತು. ಅಳಿಯ ದಿಂಬುವನ್ನು ತಲೆಕೆಳಗಾಗಿ ಎತ್ತಿ ಹಿಡಿದ. ಹಾಗೆ ಎತ್ತಿದಾಗ ಕೆಳಗಿರುವ ತಲೆ ಎತ್ತಿದವನ ಜವಾಬ್ದಾರಿ. ಆದರೆ ಅಂದು ಹೊಸ ಪೋಸ್ಟರಿಗೆಂದು ಫೋಟೋದವನು ಬಂದಿದ್ದ. ಅಳಿಯ ಅವನ ಕಡೆಗೆ ಮುಖ ತಿರುಗಿಸಿ ಹಲ್ಲು ಕಿರಿದ. ಹಿಡಿತ ಜಾರಿತು. ದಿಂಬು ನೆತ್ತಿಯ ಮೇಲೆ ಬಿದ್ದ.

ರೆಫ್ರಿ ಬಗ್ಗಿ ದಿಂಬುವಿನ ಅಂಗೈಯಲ್ಲಿ ಬೆರಳಿಟ್ಟು "ಹಿಸುಕು" ಎಂದ. ಹಿಸುಕಲಿಲ್ಲ. ರೆಫ್ರಿ ಎದ್ದು ಕೈ ಅಡ್ಡ ಹಿಡಿದ.

ಗೋದಾಮು ನಕ್ಕಿತು. "ಮತ್ತೆ ಅದೇ ಕಥೆನಾ?" "ಏಳೋ ದಿಂಬು, ಆಂಬುಲೆನ್ಸ್ ಕೆಟ್ಟಿದೆ!" ಬಾಗಿಲಲ್ಲಿದ್ದ ಸ್ಟ್ರೆಚರಿನವರು ಯಜಮಾನನ ಮುಖ ನೋಡುತ್ತ ನಿಂತರು. ಹಿಂದಿನ ಸಲ, ಜನರ ಗದ್ದಲ ಏರುವ ತನಕ ಕಾಯಿರಿ ಎಂದು ಅವನೇ ಅವರಿಗೆ ಹೇಳಿಕೊಟ್ಟಿದ್ದ. ಅಳಿಯನಿಗೆ ಏನೂ ತೋಚಲಿಲ್ಲ. ಮಾತು ಮರೆತ ನಟ ಹೇಗೋ ದೃಶ್ಯ ಮುಗಿಸಲು ನೋಡುವ ಹಾಗೆ, ದಿಂಬುವಿನ ಕೂದಲು ಹಿಡಿದು ಮೇಲೆತ್ತಲು ಬಗ್ಗಿದ.

ಹಲ್ಲಕ್ಕ ಎದ್ದರು. ತಡೆಬೇಲಿಯ ಹತ್ತಿರದ ಕಾವಲಿನವನು ಅವರನ್ನು ತಡೆಯಲಿಲ್ಲ. "ಓ, ಇವತ್ತು ನಿಮ್ಮ ಎಂಟ್ರಿನಾ ಅಕ್ಕ?" ಎಂದು ಬೇಲಿ ಸರಿಸಿ, ಹಗ್ಗವನ್ನೂ ಎತ್ತಿ ಹಿಡಿದ.

"ಮುಟ್ಟಬೇಡ! ಕತ್ತು ಅಲುಗಿಸಬೇಡ!" ಹಗ್ಗ ದಾಟಿದ ಹಲ್ಲಕ್ಕ ಅಳಿಯನಿಗೆ ಕೂಗಿದರು.

ಮಾವ ತನಗೆ ಹೇಳದೆ ಕಥೆ ಬದಲಿಸಿದ್ದಾರೆ ಎಂದುಕೊಂಡ ಅಳಿಯ ಪಿಸುಗುಟ್ಟಿದ: "ತಳ್ಳಿ ಆಂಟಿ, ನಾನು ಬೀಳ್ತೀನಿ."

ತಳ್ಳಿದರು. ಬಿದ್ದ. ಅವನು ಜೀವಮಾನದಲ್ಲಿ ಚೆನ್ನಾಗಿ ಬಿದ್ದದ್ದು ಅದೊಂದೇ ಸಲ.

ಗೋದಾಮಿನ ತಗಡು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. "ಹಲ್ಲಕ್ಕ! ಹಲ್ಲಕ್ಕ!" ಅತ್ತೆ ಕುರ್ಚಿ ಹತ್ತಿ ನಿಂತು "ನಮ್ಮ ಸೊಸೆ! ನಮ್ಮ ಮನೆ ಸೊಸೆ!" ಎಂದು ಕೂಗುತ್ತಿದ್ದರು. ಹಲ್ಲಕ್ಕ ಮಂಡಿಯೂರಿ ಕೂತು ದಿಂಬುವಿನ ತಲೆಯನ್ನು ಎರಡೂ ಅಂಗೈಗಳ ನಡುವೆ ಅಲ್ಲಾಡದಂತೆ ಹಿಡಿದಿದ್ದರು. ಅವನು ಏನೋ ಕೇಳಿದ. ಆ ಗದ್ದಲದಲ್ಲಿ ಅದು ಕೇಳಿಸಿದ್ದು ಅವರೊಬ್ಬರಿಗೇ.

"ಅಕ್ಕ, ನನ್ನ ಕಾಲು ಇದೆಯಾ?"

"ಇದೆ ಕಂದ. ಇಲ್ಲೇ ಇದೆ."

ಸ್ಟ್ರೆಚರ್ ಬರುವವರೆಗೂ ಅವರು ಕೈ ತೆಗೆಯಲಿಲ್ಲ. ಚಪ್ಪಾಳೆಯೂ ನಿಲ್ಲಲಿಲ್ಲ.

ಮರುದಿನ ವಿಡಿಯೋ ಊರೆಲ್ಲ ಓಡಾಡಿತು. ವರ್ಷದ ಅತ್ಯುತ್ತಮ ಬುಕಿಂಗ್ ಎಂದು ಬಲ್ಲವರು ಬರೆದರು. ಆಂಟಿಯ ನಟನೆ ಸ್ವಲ್ಪ ಅತಿಯಾಯಿತು ಎಂದು ಇನ್ನೂ ಹೆಚ್ಚು ಬಲ್ಲವರು ಬರೆದರು. ಕ್ಲಿನಿಕ್ಕಿನಲ್ಲಿ ಊದಿದ ದವಡೆ ಹಿಡಿದುಕೊಂಡು ಬಂದವರೂ "ಮುಂದಿನ ಮ್ಯಾಚು ಯಾರ ಜೊತೆ ಅಕ್ಕ?" ಎಂದು ಕೇಳಿದರು. ಅತ್ತೆಗೆ ನಿಜ ಗೊತ್ತಾದದ್ದು ಆ ಶನಿವಾರ ರಾತ್ರಿ ಸೊಸೆ ಊಟಕ್ಕೆ ಕೂರದೆ ಗೋಡೆಗೆ ಒರಗಿ ಅತ್ತಾಗ. ಅಂದಿನಿಂದ ಅವರು ಅಳಿಯನ ಹೆಸರೆತ್ತಿಲ್ಲ.

ಒಂದು ದಿನ ಯಜಮಾನನೇ ಕ್ಲಿನಿಕ್ಕಿಗೆ ಬಂದ. ಹಲ್ಲುನೋವಿಗಲ್ಲ.

"ಅಕ್ಕ, ಜನ ನಿಮ್ಮನ್ನ ಕೇಳ್ತಿದ್ದಾರೆ. ಒಂದೇ ಒಂದು ಸಲ ಬನ್ನಿ."

"ಬರ್ತೀನಿ. ಇನ್ನು ಮೇಲೆ ಆ ಸನ್ನೆ ಕಥೆಗೆ ಬಳಸಲ್ಲ ಅಂತ ಜನರ ಮುಂದೆ ಮೈಕ್ ಹಿಡಿದು ಹೇಳಿ. ಆಗ ಬರ್ತೀನಿ."

ಯಜಮಾನನ ಕಣ್ಣು ಅರಳಿತು. "ಅದ್ಭುತ! ಹೇಳೋಣ. ಆಣೆ ಮಾಡಿಯೇ ಹೇಳೋಣ. ಜನ ಪೂರ್ತಿ ನಂಬ್ತಾರೆ. ಮೂರು ತಿಂಗಳು ಬಿಟ್ಟು ಮತ್ತೆ ಕೈ ಅಡ್ಡ ಹಿಡಿಸಿದ್ರೆ, ಯೋಚನೆ ಮಾಡಿ ಅಕ್ಕ, ಗೋದಾಮು ಎದ್ದು ನಿಲ್ಲುತ್ತೆ!"

ಹಲ್ಲಕ್ಕ ಕೈಯಲ್ಲಿದ್ದ ಕೊಳವೆಯಿಂದಲೇ ಬಾಗಿಲು ತೋರಿಸಿದರು.

ದಿಂಬು ಈಗಲೂ ಆಸ್ಪತ್ರೆಯಲ್ಲಿದ್ದಾನೆ. ಬಲಗೈಗೆ ಜೀವ ಬಂದಿದೆ. ಎಡಗೈ ಬೆರಳು ಇನ್ನೂ ಸೂಜಿ ಹಿಡಿಯುವುದಿಲ್ಲ. ಕಾಲಿನ ಬಗ್ಗೆ ಡಾಕ್ಟರು "ನೋಡೋಣ" ಎನ್ನುತ್ತಾರೆ. ಯಜಮಾನ ನೋಡಲು ಬಂದಿದ್ದ, ಕ್ಯಾಮೆರಾದವನನ್ನು ಕರೆದುಕೊಂಡು. ಈಗ ಊರ ಗೋಡೆಗಳ ಮೇಲೆ ಆಸ್ಪತ್ರೆಯ ಮಂಚದಲ್ಲಿ ಮಲಗಿದ ದಿಂಬುವಿನ ಫೋಟೋ ಇದೆ, ಕೆಳಗೆ ದಪ್ಪಕ್ಷರದಲ್ಲಿ: ದಿಂಬುವಿನ ಸೇಡು, ಈ ಶನಿವಾರ. ಅವನ ವೇಷ ಹಾಕಿ, ಕತ್ತಿಗೆ ಪಟ್ಟಿ ಕಟ್ಟಿಕೊಂಡು ಇನ್ಯಾರೋ ಬರುತ್ತಾನಂತೆ. ಅವನೂ ಸೋಲುತ್ತಾನಂತೆ.

ಹಲ್ಲಕ್ಕ ಕ್ಲಿನಿಕ್ ಮುಗಿಸಿ ದಿನಾ ಸಂಜೆ ಟಿಕೆಟ್ ಕಿಟಕಿಯ ಹತ್ತಿರ ನಿಂತು, ಇದು ಕಥೆಯಲ್ಲ, ಆ ಮನುಷ್ಯನ ಕತ್ತು ನಿಜವಾಗಿ ಮುರಿದಿದೆ ಎಂದು ಹೇಳುತ್ತಿದ್ದಾರೆ. ನೀವು ಅವರ ಪಕ್ಕ ನಿಂತು ಸೆಲ್ಫಿ ತೆಗೆಸಿಕೊಂಡು, "ಸೂಪರ್ ಪಾತ್ರ ಅಕ್ಕ" ಎಂದು ಬೆನ್ನು ತಟ್ಟಿ, ಟಿಕೆಟ್ ಕೊಂಡು ಹೋಗುತ್ತಿದ್ದೀರಿ. ಅವರೂ ಕಥೆಯ ಭಾಗ ಎಂದುಕೊಂಡಿದ್ದೀರಿ. ನಾನು ಆ ಕಂಪನಿಯವನಲ್ಲ, ನನಗೆ ಯಾರೂ ಪಾತ್ರ ಕೊಟ್ಟಿಲ್ಲ. ಆದ್ದರಿಂದ ನನ್ನಿಂದಲಾದರೂ ಕೇಳಿಸಿಕೊಳ್ಳಿ: ನಿಮ್ಮ ಜೇಬಿನಲ್ಲಿರುವ ಆ ಶನಿವಾರದ ಟಿಕೆಟ್ಟನ್ನು ಇವತ್ತೇ ಒಯ್ದು ಅದೇ ಕಿಟಕಿಯಲ್ಲಿ ವಾಪಸ್ ಕೊಡಿ. ಯಾಕೆ ಕೊಡುತ್ತಿದ್ದೀರಿ ಎಂಬುದನ್ನು ಹಿಂದೆ ನಿಂತವರಿಗೂ ಕೇಳುವ ಹಾಗೆ ಹೇಳಿ.