ಅಂಬಾರಾಯನ ಕೈಗಡಿಯಾರವೂ ಭಟ್ಟಿಯ ಬೆಲ್ಲವೂ

ಅಂಬಾರಾಯನಿಗೆ ದಣಿವು ಹೊಸದಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ, ಸುಣ್ಣದ ಕಲ್ಲು ಬೇಯುವ ಉದ್ದನೆಯ ತಿರುಗುಭಟ್ಟಿಯ ಮಗ್ಗುಲಲ್ಲಿಯೇ ಅವನ ಕೂದಲು ನರೆತಿತ್ತು. ಭಟ್ಟಿಯ ಉದ್ದಕ್ಕೂ ಅಡ್ಡಾಡಿ ಅದರ ಕವಚ ಎಲ್ಲಿಯಾದರೂ ಕೆಂಪೇರಿದೆಯೇ ಎಂದು ನೋಡುವುದು, ತುದಿಯ ಕಿಂಡಿಯ ಮುಂದೆ ನೀಲಿ ಗಾಜು ಹಿಡಿದು ನಿಂತು ಒಳಗಿನ ಉರಿಯ ಹದ ನೋಡುವುದು, ಇವು ಅವನ ಕೆಲಸ. ಉಳಿದ ಹೊತ್ತು ಅಲ್ಲಿಯೇ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತಿರುವುದು. ಕುಳಿತರೂ ಬೆವರು ಇಳಿಯುತ್ತಲೇ ಇರುತ್ತಿತ್ತು. ಪಾಳಿ ಮುಗಿಸಿ ಮನೆಗೆ ಬಂದು ಹೊಸ್ತಿಲ ಮೇಲೆ ಕುಸಿದರೆ ಹೆಂಡತಿ ಅನಸುಬಾಯಿ ನೀರಿನ ತಂಬಿಗೆ ಕೊಟ್ಟು, "ಇವತ್ತೇನು ಕಲ್ಲು ಒಡದು ಬಂದೀರೇನು?" ಎಂದು ಕೇಳುವಳು. ಕುಳಿತು ಬಂದಿದ್ದೇನೆ ಎನ್ನಲು ಅವನಿಗೆ ನಾಚಿಕೆಯಾಗುತ್ತಿತ್ತು. ಏನೂ ಎತ್ತದೆ, ಏನೂ ಹೊರದೆ ಮೈ ಹೀಗೆ ನುಗ್ಗಾಗುವುದೇಕೆ ಎಂಬುದು ಅವನಿಗೇ ತಿಳಿಯದು.

ಈ ನಡುವೆ ಕಣ್ಣಿಗೆ ಪೊರೆ ಬಂತು. ಎಡಗಣ್ಣು ಹೆಚ್ಚುಕಡಿಮೆ ಮುಚ್ಚಿಯೇ ಹೋಗಿತ್ತು, ಬಲಗಣ್ಣಿನಲ್ಲಿ ಮಂಜು. ಕಲಬುರಗಿಯ ಕಣ್ಣಿನ ವೈದ್ಯರು ನೋಡಿ, ಮೈಯಲ್ಲಿ ಸಕ್ಕರೆ ಬಹಳವಿದೆ, ಅದು ಇಳಿಯದೆ ಪೊರೆ ತೆಗೆಯಲು ಕೈ ಹಚ್ಚುವುದಿಲ್ಲ ಎಂದು ಹೇಳಿ ಕಳುಹಿಸಿದರು. ಕಾರ್ಖಾನೆಯ ಸಾಹೇಬರು ಒಳ್ಳೆಯವರು. ಆದರೂ ಉರಿ ಕಾಣದವನನ್ನು ಉರಿಯ ಮುಂದೆ ಎಷ್ಟು ದಿನ ಇಟ್ಟುಕೊಂಡಾರು? ವರ್ಷ ತಿರುಗುವುದರೊಳಗೆ ಕಣ್ಣು ಸರಿಯಾಗದಿದ್ದರೆ ಗೇಟಿನ ಕೆಲಸಕ್ಕೆ ಹಾಕುವುದಾಗಿ ಮೆಲ್ಲಗೆ ತಿಳಿಸಿದರು. ಹೋಗಿಬರುವವರ ಬುತ್ತಿಯ ಚೀಲ ಬಿಚ್ಚಿಸಿ ನೋಡುವ ಕೆಲಸ. ಅಂಬಾರಾಯನಿಗೆ ಆ ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಸಕ್ಕರೆ ಇಳಿಯಬೇಕು, ಕಣ್ಣು ತೆರೆಯಬೇಕು. ಅವನಿಗೆ ಬೇರೆ ಯೋಚನೆಯೇ ಉಳಿಯಲಿಲ್ಲ.

ಬಾಬಾಸಾಹೇಬರ ಜಯಂತಿಗೆಂದು ಮಗ ರತ್ನದೀಪ ಸೇಡಂನಿಂದ ಬಂದವನು ತಂದೆಯ ಕೈಗೆ ಹೊಸ ಗಡಿಯಾರ ಕಟ್ಟಿದನು. ಅವನು ಅಲ್ಲಿಯ ಒಂದು ಜಿಮ್‌ನಲ್ಲಿ ಹುಡುಗರಿಗೆ ಕಸರತ್ತು ಕಲಿಸುವವನು.

"ಇದರ ಹೊಟ್ಟಿಯೊಳಗ ಹಸಿರು ದೀಪ ಅದ ಅಪ್ಪಾ. ನಾಡಿ ಎಣಿಸ್ತದ. ದಿನಕ್ಕ ಎಷ್ಟು ಕ್ಯಾಲರಿ ಸುಟ್ಟೀದಿ ಅಂತ ತಾನೇ ಹೇಳ್ತದ. ಸುಟ್ಟಷ್ಟು ತಿಂದ್ರ ಸಕ್ಕರಿ ಏರಂಗಿಲ್ಲ."

"ನನಗೆಲ್ಲಿ ಕಾಣಬೇಕಪ್ಪಾ ಅದರ ಅಕ್ಷರ?"

"ಯಾರಿಗರೆ ತೋರಿಸು, ಓದಿ ಹೇಳ್ತಾರ."

ಓದಿ ಹೇಳಲು ಜೊತೆಯ ಕೆಲಸಗಾರ ಹಣಮಪ್ಪ ಸಿದ್ಧನಾಗಿಯೇ ಇದ್ದನು. ಮೊದಲ ದಿನ ಪಾಳಿ ಮುಗಿಯುವ ಹೊತ್ತಿಗೆ ಅಂಬಾರಾಯನ ಮಣಿಕಟ್ಟು ಹಿಡಿದು ನೋಡಿ ಅವನು ಕೂಗಿಯೇ ಬಿಟ್ಟನು. "ಅಬಬಾ! ಸಾವಿರದ ಮ್ಯಾಲ ಸುಟ್ಟೀದಿ ಕಾಕಾ! ಸೇಡಂ ತನಕಾ ಓಡಿ ಹೋಗಿ ಬಂದವ್ರೂ ಇಷ್ಟು ಸುಡ್ತಾರೋ ಇಲ್ಲೋ!"

ಅಂಬಾರಾಯನ ಮನಸ್ಸು ತುಂಬಿಬಂತು. ಇಷ್ಟು ವರ್ಷ ಯಾರೂ ಲೆಕ್ಕಕ್ಕೆ ಹಿಡಿಯದ ಅವನ ದಣಿವನ್ನು ಒಂದು ಗಡಿಯಾರ ಲೆಕ್ಕಕ್ಕೆ ಹಿಡಿದಿತ್ತು.

ಭಟ್ಟಿಯವರಲ್ಲಿ ಒಂದು ರೂಢಿಯಿದೆ. ಪಾಳಿ ಮುಗಿದೊಡನೆ ಮುಖ ತೊಳೆಯುವ ಮುನ್ನ ಎಲ್ಲರೂ ಒಂದೊಂದು ಉಂಡೆ ಬೆಲ್ಲ ಬಾಯಿಗೆ ಹಾಕಿಕೊಳ್ಳುವರು. ಗಂಟಲಿಗೆ ಹತ್ತಿದ ಸಿಮೆಂಟಿನ ಧೂಳು ಬೆಲ್ಲದ ರಸಕ್ಕೆ ಇಳಿಯುತ್ತದೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ಬೆಲ್ಲದ ಡಬ್ಬಿ ಕೈಯಿಂದ ಕೈಗೆ ದಾಟುವಾಗ ದಿನದ ಬೈಗುಳ, ನಗೆ ಎಲ್ಲವೂ ದಾಟುತ್ತವೆ. ವೈದ್ಯರ ಮಾತು ಕೇಳಿ ಅಂಬಾರಾಯ ಅದನ್ನು ಬಿಟ್ಟಿದ್ದನು. ಡಬ್ಬಿ ಬಂದಾಗ ಮುಖ ತಿರುಗಿಸಿ ಕುಳಿತುಕೊಳ್ಳುವುದು ಅವನಿಗೆ ಪಂಕ್ತಿಯಿಂದ ಎಬ್ಬಿಸಿದಂತೆ ಆಗುತ್ತಿತ್ತು.

"ತಗೋ ಕಾಕಾ, ಸುಟ್ಟೀದಿ ಅಂದಮ್ಯಾಲ ತಿನ್ನಲಿಕ್ಕೇನು?" ಎಂದು ಹಣಮಪ್ಪ ಡಬ್ಬಿ ಚಾಚಿದನು. ಅಂಬಾರಾಯ ಒಂದು ಉಂಡೆ ತೆಗೆದುಕೊಂಡನು. ಮರುದಿನವೂ ತೆಗೆದುಕೊಂಡನು. ಬಿಸಿಲು ಏರಿದ ಹಾಗೆ ಗಡಿಯಾರದ ಲೆಕ್ಕವೂ ಏರಿತು. ಮನೆಯಲ್ಲಿ ಅನಸುಬಾಯಿ ಬಿಗಿಹಿಡಿದು ಹಾಕುತ್ತಿದ್ದ ಜೋಳದ ರೊಟ್ಟಿಯ ಮೇಲೆ ಅವನು ಇನ್ನೊಂದನ್ನು ಕೇಳಿ ಹಾಕಿಸಿಕೊಳ್ಳತೊಡಗಿದನು. "ಗಡಿಯಾರ ಹೂಂ ಅಂದದ, ನೀ ಹಾಕು" ಎನ್ನುವನು. ಬೆಲ್ಲದ ಸಂಗತಿ ಮಾತ್ರ ಅವಳ ಕಿವಿಗೆ ಬೀಳಲಿಲ್ಲ.

ಮಳೆಗಾಲ ಹಿಡಿದ ಮೇಲೆ ಮತ್ತೆ ಕಲಬುರಗಿಗೆ ಹೋದನು. ವೈದ್ಯರು ರಕ್ತದ ಚೀಟಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹ್ವಾದ ಸಲಕ್ಕಿಂತ ಏರ್ಯದಲ್ರಿ! ಪಥ್ಯ ಮಾಡ್ಲಿಕತ್ತೀರೋ ಇಲ್ಲೋ?"

"ಸುಟ್ಟಷ್ಟೇ ತಿನ್ನಾಕತ್ತೀನ್ರಿ ಸಾಹೇಬ್ರ" ಎಂದನು ಅಂಬಾರಾಯ. ವೈದ್ಯರಿಗೆ ಅದು ಅರ್ಥವಾಗಲಿಲ್ಲ. ಹೊರಗೆ ಸಾಲು ದೊಡ್ಡದಿತ್ತು. ಮುಂದಿನವರನ್ನು ಕರೆದರು. ತಿರುಗಿ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತವನಿಗೆ ಹೊರಗಿನ ತೊಗರಿ ಹೊಲಗಳೆಲ್ಲ ಒಂದೇ ಹಸಿರು ಬಳಿದಂತೆ ಕಂಡವು. ಗೇಟಿನ ಕೆಲಸ ತಪ್ಪುವಂತಿಲ್ಲ ಎಂದು ಅವನ ಮನಸ್ಸು ಹೇಳುತ್ತಿತ್ತು.

ಆಮೇಲೆ ಭಟ್ಟಿಯನ್ನು ದುರಸ್ತಿಗೆಂದು ನಿಲ್ಲಿಸಿದರು. ಉರಿ ಆರಿತು, ಕಬ್ಬಿಣ ತಣ್ಣಗಾಯಿತು. ಒಳಗಿನ ಇಟ್ಟಿಗೆ ಬದಲಿಸುವ ಗದ್ದಲದಲ್ಲಿ ಅಂಬಾರಾಯನೂ ಹಗಲೆಲ್ಲ ಹತ್ತಿ ಇಳಿದನು, ಸಾಮಾನು ಹೊತ್ತನು. ಮೊಣಕಾಲು ಹಿಡಿದುಕೊಂಡವು. ಜಿಟಿಜಿಟಿ ಮಳೆಯಲ್ಲಿ ಸಂಜೆ ಮೈಯೊರೆಸಿಕೊಳ್ಳುತ್ತ, "ನೋಡೋ ಹಣಮ, ಇವತ್ತಂತೂ ಎರಡರಷ್ಟು ಸುಟ್ಟಿರಬೇಕು" ಎಂದು ಕೈ ಚಾಚಿದನು.

ಹಣಮಪ್ಪ ನೋಡಿದನು, ಒರೆಸಿ ಮತ್ತೆ ನೋಡಿದನು. "ಸ್ಟೂಲಿನ ಮ್ಯಾಲ ಕುಂತ ದಿನದಕ್ಕಿಂತ ಕಡಿಮಿ ತೋರಿಸ್ಲಿಕತ್ತದಲ್ಲೋ ಕಾಕಾ. ಕೆಟ್ಟದೇನು?"

ಆ ಭಾನುವಾರ ಮಗಳು ಲುಂಬಿನಿ ಶಹಾಬಾದಿನಿಂದ ಬಂದಳು. ಅಲ್ಲಿಯ ಒಂದು ದವಾಖಾನೆಯಲ್ಲಿ ನರ್ಸ್ ಅವಳು. ಗಡಿಯಾರ ಕೆಟ್ಟಿದೆ, ನೋಡು ಎಂದು ತಂದೆ ಹೇಳಿದೊಡನೆ ಅವಳು ಅವನ ಇನ್ನೊಂದು ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗೋಡೆಯ ಗಡಿಯಾರದ ಕಡೆ ಕಣ್ಣಿಟ್ಟು ನಾಡಿ ಎಣಿಸಿದಳು.

"ಕೆಟ್ಟಿಲ್ಲ ಅಪ್ಪಾ. ನನ್ನ ಎಣಿಕಿಗೂ ಇದರ ಎಣಿಕಿಗೂ ಭಾಳ ಫರಕ್ ಇಲ್ಲ."

"ಮತ್ತ ದುಡಿದ ದಿನ ಕಡಿಮಿ, ಕುಂತ ದಿನ ಹೆಚ್ಚು! ಇದೆಂಥಾ ನ್ಯಾಯ?"

ಲುಂಬಿನಿ, "ನೀ ಕುಂದ್ರೋದು ಎಲ್ಲಿ?" ಎಂದಳು.

"ಭಟ್ಟಿ ಮುಂದ."

"ಹಾಂ, ಅಲ್ಲೇ ಅದ ನೋಡು. ಬಿಸಿಯೊಳಗ ಕುಂತ್ರ ಮೈ ತಣ್ಣಗ ಮಾಡ್ಕೊಳ್ಳಾಕ ಎದಿ ಜೋರ್ ಬಡೀತದ. ಸಿಟ್ಟು ಬಂದ್ರೂ ಬಡೀತದ, ಅಂಜಿದ್ರೂ ಬಡೀತದ, ಕಡಕ್ ಚಾ ಕುಡಿದ್ರೂ ಬಡೀತದ. ಕೈಕಾಲು ದುಡಿದಿರಂಗಿಲ್ಲ. ಗಡಿಯಾರಕ್ಕ ಅದು ಹ್ಯಾಂಗ ತಿಳೀಬೇಕು? ನಾಡಿ ಓಡ್ತು ಅಂದ್ರ ಮನುಷ್ಯಾನೂ ಓಡ್ಯಾನ ಅಂತ ತಿಳಕೋತದ. ನಾಡಿ ಖರೇ ಎಣಿಸ್ತದ. ಕ್ಯಾಲರಿ ಬರೇ ಅಂದಾಜು."

"ನಿಮ್ಮಣ್ಣ ಹೇಳಿದನಲ್ಲವಾ!"

"ಅಣ್ಣನ ಜಿಮ್ಮಿನೊಳಗ ಫ್ಯಾನ್ ಕೆಳಗ ಓಡೋ ಹುಡುಗರಿಗೆ ಅದು ಜರಾ ಹತ್ರ ಬರಬಹುದು. ಅವರಿಗೂ ಪೂರಾ ಸರಿ ಬರಂಗಿಲ್ಲ. ನಿನಗಂತೂ ಅದು ಎಣಿಸಿದ್ದು ಭಟ್ಟಿ ಬಿಸಿ ಅಪ್ಪಾ. ಎಷ್ಟು ತಿಂದಿ ಅದರ ಮಾತ ಕೇಳಿ?"

ಅಂಬಾರಾಯ ತಲೆ ತಗ್ಗಿಸಿ ರೊಟ್ಟಿಯ ಮಾತು ಹೇಳಿದನು. ತಡವರಿಸಿ ಬೆಲ್ಲದ ಮಾತನ್ನೂ ಹೇಳಿದನು. ಒಳಗಿನಿಂದ ಅನಸುಬಾಯಿಯ ದನಿ ಬಂತು. "ಬೆಲ್ಲಾ! ನಾ ಇಲ್ಲಿ ಚಾಕ್ಕ ಸಕ್ಕರಿ ಹಾಕದೇ ನಾನೂ ಸಪ್ಪನ್ನ ಚಾ ಕುಡೀಲಿಕತ್ತೀನಿ, ಇವರು ಅಲ್ಲಿ ಡಬ್ಬಿಗೆ ಕೈ ಹಾಕ್ಲಿಕತ್ತಾರ!"

ಅಂಬಾರಾಯನಿಗೆ ಮಗಳ ಮುಖ ಮಸುಕು ಮಸುಕಾಗಿ ಕಾಣುತ್ತಿತ್ತು. ಆ ಮಸುಕಿನ ಕಡೆಗೇ ನೋಡುತ್ತ ಕೇಳಿದನು. "ಹಂಗಾರ ನಾ ದಣಿಯೋದು ಸುಳ್ಳೇನವಾ?"

ಲುಂಬಿನಿ ಅವನ ಕೈ ಬಿಡದೆ ಹಾಗೆಯೇ ಹಿಡಿದುಕೊಂಡಳು. "ದಣಿವು ಖರೇ ಅಪ್ಪಾ. ಬಿಸಿ ಮನುಷ್ಯಾನ್ನ ಹಿಂಡಿ ಹಾಕ್ತದ. ಆದ್ರ ಆ ದಣಿವಿಗೆ ಬೆಲ್ಲ ಕೊಟ್ರ ಕಣ್ಣು ಹೋಗ್ತಾವ. ನೀರು ಕುಡಿ, ನೆರಳಿಗೆ ಕುಂದ್ರು. ಗಡಿಯಾರ ಕೇಳಿ ಉಣಬ್ಯಾಡ, ಡಾಕ್ಟರ್ ಹೇಳಿದಷ್ಟು ಉಣ್ಣು."

ಅವನು ಹೂಂ ಎಂದನು. ಭಟ್ಟಿ ಮತ್ತೆ ಹೊತ್ತಿತು, ಡಬ್ಬಿ ಮತ್ತೆ ಬಂತು. ಈ ಸಲ ಅವನು ಮುಖ ತಿರುಗಿಸಲಿಲ್ಲ. ಕೈಗೆ ತೆಗೆದುಕೊಂಡು ಪಕ್ಕದವನಿಗೆ ದಾಟಿಸಿದನು. "ಏನ್ ಕಾಕಾ, ಗಡಿಯಾರ ಬ್ಯಾಡ ಅಂತೇನು?" ಎಂದು ಹಣಮಪ್ಪ ಕೆಣಕಿದರೆ, "ಮಗಳು ಬ್ಯಾಡ ಅಂದಾಳ, ಅಕಿ ಮುಂದ ಗಡಿಯಾರದ್ದೇನು ನಡೀತದ" ಎಂದು ನೀರಿನ ಬಾಟಲಿ ಎತ್ತುವನು. ಪಾಳಿ ಮುಗಿಸಿ ಬಂದರೆ ಎದ್ದು ನಡೆಯುವಷ್ಟು ತ್ರಾಣ ಇರುತ್ತಿರಲಿಲ್ಲ. ಆದರೂ ಅನಸುಬಾಯಿ ಚಪ್ಪಲಿ ತಂದು ಮುಂದಿಡುವಳು. ಇಬ್ಬರೂ ಸಕ್ಕರೆ ಇಳಿಯಲೆಂದು ಸ್ಟೇಷನ್ನಿನ ರಸ್ತೆಯಲ್ಲಿ ಹೋಗಿ ಬರುವರು.

ಚಳಿ ಬೀಳುವ ಹೊತ್ತಿಗೆ ವೈದ್ಯರು ಚೀಟಿ ನೋಡಿ, "ಈಗ ಮಾಡಬಹುದು ನೋಡ್ರಿ" ಎಂದರು. ಎಡಗಣ್ಣಿನ ಪೊರೆ ತೆಗೆದರು.

ರಜೆ ಮುಗಿಸಿ ಅಂಬಾರಾಯ ಭಟ್ಟಿಗೆ ಬಂದ ದಿನ ಸಾಹೇಬರು ತಾವೇ ನೀಲಿ ಗಾಜು ಅವನ ಕೈಗೆ ಕೊಟ್ಟರು. ಅವನು ಕಿಂಡಿಯ ಮುಂದೆ ನಿಂತು ನೋಡಿದನು. ಉರಿ ತುಸು ಬಲಕ್ಕೆ ವಾಲಿತ್ತು. ಹೇಳಿದನು. ಸಾಹೇಬರು ತಲೆದೂಗಿ, ಗೇಟಿನ ಮಾತೆತ್ತದೆ ಹೊರಟುಹೋದರು. ಅಂಬಾರಾಯ ಸ್ಟೂಲಿನ ಮೇಲೆ ಕುಳಿತುಕೊಂಡನು. ಮೊದಲಿನ ಹಾಗೆಯೇ ಬೆವರು ಇಳಿಯತೊಡಗಿತು, ಮೊದಲಿನ ಹಾಗೆಯೇ ಮೈ ಭಾರವಾಯಿತು.

ಹಣಮಪ್ಪ ಅಭ್ಯಾಸದಂತೆ ಬಂದು ಮಣಿಕಟ್ಟಿಗೆ ಕೈ ಹಾಕಿದನು. "ತೋರ್ಸು ಕಾಕಾ, ಎಷ್ಟು ಸುಟ್ಟೀದಿ ಓದಿ ಹೇಳ್ತೀನಿ."

ಅಂಬಾರಾಯ ಕೈ ಹಿಂದಕ್ಕೆ ಎಳೆದುಕೊಂಡು ತಾನೇ ಕಣ್ಣಿನ ಹತ್ತಿರ ಹಿಡಿದು ನೋಡಿದನು. ಅಕ್ಷರಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಕ್ಯಾಲರಿಯದನ್ನು ಬಿಟ್ಟು ಮೇಲಿನ ಸಾಲಿನ ವೇಳೆ ಓದಿಕೊಂಡನು.

"ಪಾಳಿ ಮುಗೀಲಿಕ್ಕೆ ಇನ್ನಾ ಹೊತ್ತದ. ಎದ್ದು ಕೆಲಸಾ ನೋಡು" ಎಂದನು.