ಎಡಗಡೆಯ ಗಡಿಯಾರ

ಬೆಳಿಗ್ಗೆ ಎಂಟೂವರೆಗೆ ನಾರ್ದು ಹೆಂಡತಿಯ ತಲೆಯನ್ನು ಅಡುಗೆಮನೆಯ ಬಾಗಿಲಿಗೆ ಆನಿಸಿ ಹಿಡಿದು, ಬಲಗಣ್ಣಿಗೆ ನಾಲ್ಕು ಹನಿ ಮದ್ದು ಬಿಟ್ಟ. ಒಂದು ಹನಿ ಕೆನ್ನೆಗಿಳಿಯಿತು.

"ಕಣ್ಣು ಅಗಲ ಬಿಡೇ. ಕೆನ್ನೆಗೆ ಮದ್ದು ಬರಕೊಟ್ಟಿಲ್ಲ ಡಾಕ್ಟ್ರು."

"ನಿನ್ನ ಕೈಯೇ ನಡುಗುತ್ತಪ್ಪ. ವ್ಯಾನು ಓಡಿಸೋವಾಗಲೂ ಹೀಗೇನಾ? ಪಾಪ, ಹಿಂದೆ ಕೂತೋರ ಗತಿ!" ಎಂದಳು ಪಾವ್ಲಿನಾ.

ನಾರ್ದುವಿಗೆ ಅರವತ್ತಮೂರು. ಮಾಲ್ಟಾ ದ್ವೀಪದ ಪಕ್ಕದ ಪುಟ್ಟ ಗೋಝೊ ದ್ವೀಪದಲ್ಲಿ ಪ್ರವಾಸಿಗರನ್ನು ವ್ಯಾನಿನಲ್ಲಿ ಸುತ್ತಿಸುವ ಕೆಲಸ ಹಿಡಿದು ಮೂವತ್ತೊಂದು ವರ್ಷ. ಪಾವ್ಲಿನಾಳ ಎಡಗಣ್ಣಿಗೆ ಹುಟ್ಟಿನಿಂದಲೂ ಬೆಳಕು ಯಾವುದು ಕತ್ತಲೆ ಯಾವುದು ಎನ್ನುವಷ್ಟೇ ಗೊತ್ತು. ಬದುಕೆಲ್ಲ ನಡೆದದ್ದು ಬಲಗಣ್ಣಿನ ಮೇಲೆ. ಎರಡು ವರ್ಷದ ಹಿಂದೆ ಹಿತ್ತಿಲ ಗೋಡೆಗೆ ಸುಣ್ಣ ಬಳಿಯುವಾಗ ಕುಂಚ ಕೈಜಾರಿ ಆ ಕಣ್ಣಿಗೆ ಸುಣ್ಣ ಸಿಡಿಯಿತು. ಆಮೇಲೆ ಅದರ ಮೇಲೊಂದು ಬಿಳಿ ಮಸುಕು ನಿಂತಿತು. ಸತ್ತವರ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಅಂದರೆ ಕಾರ್ನಿಯಾವನ್ನು, ತಂದು ಕಸಿ ಮಾಡಿದರೆ ನೋಟ ಮರಳಬಹುದು ಎಂದು ಮಾಲ್ಟಾದ ದೊಡ್ಡ ಆಸ್ಪತ್ರೆಯವರು ಹೇಳಿ, ಹೆಸರು ಬರೆದುಕೊಂಡು ಹದಿನೆಂಟು ತಿಂಗಳಾಗಿತ್ತು. ಹಾಳಾದ ಪೊರೆಯೊಳಕ್ಕೆ ರಕ್ತನಾಳಗಳು ಹಬ್ಬುತ್ತಿವೆ, ಚಳಿಗಾಲ ಮುಗಿಯುವುದರೊಳಗೆ ಕಸಿ ಆಗದಿದ್ದರೆ ಮುಂದೆ ಮಾಡಿಯೂ ಉಪಯೋಗವಿಲ್ಲ ಎಂದು ವೈದ್ಯರು ಆಗಸ್ಟಿನಲ್ಲಿ ಹೇಳಿದ್ದರು. ಈಗ ಅಕ್ಟೋಬರ್ ಮೊದಲ ವಾರ.

ಒಂಬತ್ತಕ್ಕೆ ಅವನು ಮರೂಷ್ಕಾಳ ತೋಟದ ಮನೆಯ ಮುಂದೆ ವ್ಯಾನು ನಿಲ್ಲಿಸಿದ. ಅವಳು ಹಳೆಯ ಕಲ್ಲುಮನೆಯನ್ನು ಅತಿಥಿಗೃಹ ಮಾಡಿ, 'ನಿಧಾನದ ವಾರ' ಎಂದು ಹೆಸರಿಟ್ಟು ಯುರೋಪಿನ ನಿವೃತ್ತರನ್ನು ಕರೆಸುತ್ತಾಳೆ. ಬಂದವರು ಮೊದಲ ದಿನವೇ ಫೋನು, ಕೈಗಡಿಯಾರ ಎಲ್ಲವನ್ನೂ ಒಂದು ಬಟ್ಟೆಚೀಲಕ್ಕೆ ಹಾಕಿ ಅವಳ ಕೈಗೆ ಕೊಡಬೇಕು. ಚೀಲ ಬೀರುವಿಗೆ ಹೋಗುತ್ತದೆ. ಹೊರಡುವ ದಿನದವರೆಗೆ ಯಾರೂ ಹೊತ್ತು ನೋಡುವಂತಿಲ್ಲ.

ಈ ವಾರ ಬಂದವರು ಬೆಲ್ಜಿಯಮ್ಮಿನ ನಾಲ್ವರು: ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದ ಗೋಡ್‌ಫ್ರೀಡ್, ಅವರ ಹೆಂಡತಿ, ಹೆಂಡತಿಯ ಇಬ್ಬರು ತಂಗಿಯರು. ವಾರ ಅವರ ಪಾಲಿಗೆ ಒಳ್ಳೆಯದಾಗಿರಲಿಲ್ಲ. ಪೆಟ್ಟಿಗೆಗಳು ಬೇರೆ ದೇಶಕ್ಕೆ ಹಾರಿ ಮೂರನೆಯ ದಿನ ಸಿಕ್ಕಿದ್ದವು. ಮೊದಲ ಸಂಜೆ ತಪ್ಪು ಬಸ್ಸು ಹತ್ತಿ ದ್ವೀಪದ ಇನ್ನೊಂದು ತುದಿಯಲ್ಲಿ ಇಳಿದಿದ್ದರು. ಕಿರಿಯ ತಂಗಿ ಬಂಡೆಯ ಮೇಲೆ ಕಾಲು ಉಳುಕಿಸಿಕೊಂಡು ಈಗ ಕೋಲು ಊರುತ್ತಿದ್ದಳು.

"ಇವತ್ತೇನು ಕಳೆದುಕೊಳ್ಳೋ ಅಂದಾಜು, ಮೇಷ್ಟ್ರೇ?" ಎಂದ ನಾರ್ದು.

"ಕಳೆಯೋಕೆ ಇನ್ನೇನೂ ಉಳಿದಿಲ್ಲ. ಹೆಂಡತಿ ಒಬ್ಬಳಿದ್ದಾಳೆ, ಅವಳು ಹೋಗೋದಿಲ್ಲ ಅಂತಾಳೆ," ಎಂದರು ಗೋಡ್‌ಫ್ರೀಡ್.

ಹನ್ನೊಂದು ನಲವತ್ತಕ್ಕೆ, ಕಡಲಂಚಿನ ಉಪ್ಪಿನ ಮಡಿಗಳ ಬಳಿ ನಾಲ್ವರೂ ಬಗ್ಗಿ ಉಪ್ಪಿನ ಹರಳು ನೋಡುತ್ತಿದ್ದಾಗ, ನಾರ್ದುವಿನ ಫೋನು ಬಡಿಯಿತು. ಆಸ್ಪತ್ರೆಯ ದಾದಿ. ಪೊರೆ ಬಂದಿದೆ, ನಾಳೆ ಬೆಳಿಗ್ಗೆ ಮೊದಲ ಶಸ್ತ್ರಚಿಕಿತ್ಸೆ, ಇವತ್ತು ಸಂಜೆ ಆರರೊಳಗೆ ವಾರ್ಡಿಗೆ ಸೇರಬೇಕು, ರಕ್ತಪರೀಕ್ಷೆಗಾಗಿ ಮಧ್ಯಾಹ್ನ ಏನೂ ತಿನ್ನಕೂಡದು. "ನಾಳೆ ದಾಟಿದ್ರೆ ಪೊರೆ ಕೆಲಸಕ್ಕೆ ಬರಲ್ಲ, ಸ್ವಾಮಿ. ನೀವು ಬರಲ್ಲ ಅಂದ್ರೆ ಈಗಲೇ ಹೇಳ್ಬಿಡಿ, ಪಟ್ಟಿಯಲ್ಲಿ ಮುಂದಿನವರಿಗೆ ಫೋನ್ ಮಾಡ್ತೀನಿ."

"ಬರ್ತೀವಮ್ಮಾ. ಆರು ಯಾಕೆ, ಐದಕ್ಕೇ ಇರ್ತೀವಿ."

ಅವನು ಮನೆಗೆ ಫೋನು ಮಾಡಿದ. ಸುದ್ದಿ ಕೇಳಿ ಪಾವ್ಲಿನಾ, "ಒಲೆ ಮೇಲೆ ಸಾರಿದೆ. ಏನು ಮಾಡ್ಲಿ?" ಎಂದಳು.

"ಆರಿಸೇ, ಪುಣ್ಯಾತ್ಗಿತ್ತಿ! ಚೀಲ ಕಟ್ಟು."

ಲೆಕ್ಕ ಸಲೀಸಾಗಿತ್ತು. ಮಾಲ್ಟಾಕ್ಕೆ ಮುಕ್ಕಾಲು ಗಂಟೆಗೊಂದು ಹಡಗು. ಅತಿಥಿಗಳಿಗೆ ಊಟ ಮಾಡಿಸಿ, ಕೊನೆಯ ಹಳ್ಳಿ ತೋರಿಸಿ, ಎರಡಕ್ಕೆ ಹೊರಟರೂ ಮೂರರ ಹಡಗು ಸಿಗುತ್ತದೆ. ತಪ್ಪಿದರೆ ಮೂರೂಮುಕ್ಕಾಲರದ್ದು. ಈಶಾನ್ಯದ ಗಾಳಿ ಏಳುತ್ತದೆ ಎಂದು ರೇಡಿಯೊ ಬೆಳಿಗ್ಗೆ ಹೇಳಿತ್ತು. ಆದರೆ ಅದು ಹೇಳಿದ್ದು ರಾತ್ರಿಗೆ.

ಒಂದೂ ಹತ್ತಕ್ಕೆ ವ್ಯಾನು ಕೊನೆಯ ಹಳ್ಳಿಯ ಚರ್ಚಿನ ಮುಂದಿನ ಚೌಕದಲ್ಲಿ ನಿಂತಿತು. ಅಲ್ಲಿಂದ ಕಡಲ ಬಂಡೆಗೋಡೆಯವರೆಗೆ ಬಯಲ ನಡುವೆ ಕಾಲುದಾರಿ. ನಾರ್ದು ಇಂಜಿನ್ ಆರಿಸದೆಯೇ ಹಿಂದಕ್ಕೆ ತಿರುಗಿದ.

"ನೋಡಿ, ಇವತ್ತು ನನಗೆ ಸ್ವಲ್ಪ ಅವಸರ. ಇಗರ್ಜಿ ಗಡಿಯಾರದಲ್ಲಿ ಎರಡಾಗೋವಾಗ ಇಲ್ಲೇ ಇರಿ. ಎರಡು ಅಂದ್ರೆ ಎರಡು."

"ಎರಡು," ಎಂದರು ಮೇಷ್ಟ್ರು, ವಿದ್ಯಾರ್ಥಿಯ ಹಾಗೆ.

ಆ ಇಗರ್ಜಿಗೆ ಎರಡು ಗೋಪುರ, ಎರಡು ಗಡಿಯಾರ. ಬಲಗಡೆಯದು ಮನುಷ್ಯರಿಗೆ. ಎಡಗಡೆಯದು ದೆವ್ವಕ್ಕೆ. ಸಾಯುವವರ ಆತ್ಮ ಕದಿಯಲು ಬರುವ ದೆವ್ವ ಅದನ್ನು ನೋಡಿ ಹೊತ್ತು ತಪ್ಪಲಿ ಎಂದು ಅದನ್ನು ಐವತ್ತು ನಿಮಿಷ ಹಿಂದೆ ಓಡಿಸುತ್ತಾರೆ. ಇಗರ್ಜಿಯ ಪರಿಚಾರಕ ವಿಸ್ತಿನ್ ಪ್ರತಿ ಶನಿವಾರ ಏಣಿ ಹತ್ತಿ ಆ ಐವತ್ತನ್ನು ಸರಿಮಾಡಿ ಇಳಿಯುತ್ತಾನೆ. ಅಲ್ಲಿ ಹುಟ್ಟಿದ ಯಾವ ಮಗುವೂ ಎಡಗಡೆಗೆ ಕತ್ತೆತ್ತುವುದಿಲ್ಲ. ಮೂವತ್ತೊಂದು ವರ್ಷ ನಾರ್ದು ಇದೇ ಚೌಕದಲ್ಲಿ ಇಂಜಿನ್ ಆರಿಸಿ, ಟೋಪಿ ತೆಗೆದು, ಈ ದೆವ್ವದ ಕಥೆ ಹೇಳಿ ಪ್ರವಾಸಿಗರನ್ನು ನಗಿಸಿಯೇ ಕೆಳಗಿಳಿಸುತ್ತಿದ್ದ. ಆ ದಿನ ಹೇಳಲಿಲ್ಲ. ಹೇಳಲಿಲ್ಲ ಎಂಬುದೂ ಅವನಿಗೆ ಹೊಳೆಯಲಿಲ್ಲ. ಗಂಟೆ ಬಡಿದಿದ್ದರೆ ಅತಿಥಿಗಳಿಗೆ ತಿಳಿಯುತ್ತಿತ್ತೇನೋ. ಬಡಿಯುವ ಯಂತ್ರ ಬೇಸಿಗೆಯಲ್ಲೇ ಕೆಟ್ಟು ಕೂತಿತ್ತು.

ಒಂದು ಐವತ್ತೈದಕ್ಕೆ ನಾರ್ದು ವ್ಯಾನಿನ ಬಾಗಿಲು ತೆರೆದಿಟ್ಟು ನಿಂತ. ಎರಡಾಯಿತು. ಎರಡೂ ಹತ್ತಕ್ಕೆ ಬಂದರಿನಲ್ಲಿ ಹಡಗಿನ ಹಗ್ಗ ಬಿಚ್ಚುವ ಗೆಳೆಯ ಗ್ರೆತ್ಸ್ಯುವಿನ ಫೋನು ಬಂತು.

"ಪಾವ್ಲಿನಾನ ಕರ್ಕೊಂಡು ಹೋಗ್ತೀಯಂತಲ್ಲ, ನಿಮ್ಮೂರಿನೋರು ಹೇಳಿದ್ರು. ಬೇಗ ಬಾ ಮಾರಾಯಾ. ಗಾಳಿ ಈಗಲೇ ಎದ್ದಿದೆ. ಮೂರರ ಹಡಗೇ ಕೊನೇದು. ಆಮೇಲೆ ನಿಲ್ಲಿಸ್ತಾರೆ."

"ಎಷ್ಟು ಹೊತ್ತು ನಿಲ್ಲಿಸ್ತಾರೆ?"

"ಗಾಳೀನ ಕೇಳು. ನಾಳೆ ಮಧ್ಯಾಹ್ನದವರೆಗೆ ಅಂತಿದ್ದಾರೆ."

ನಾರ್ದು ಮನೆಗೆ ಫೋನು ಮಾಡಿ, ಹತ್ತು ನಿಮಿಷ ಎಂದ. ಎದುರು ಮನೆಯವರ ಕಾರಿನಲ್ಲಿ ಬಂದರಿಗೆ ಹೋಗಿ ನಿಲ್ಲು ಎಂದೂ ಹೇಳಿದ.

"ನೀನಿಲ್ದೆ ನಾನು ಹಡಗು ಹತ್ತಲ್ಲ. ಅಲ್ಲಿ ಹೋಗಿ ಯಾವುದು ಮೆಟ್ಲು, ಯಾವುದು ನೀರು ಅಂತ ಯಾರನ್ನ ಕೇಳ್ಲಿ? ಹತ್ತು ನಿಮಿಷ ಅಂದ್ಯಲ್ಲ, ಬಾ. ಬಾಗಿಲಲ್ಲೇ ಕೂತಿದ್ದೀನಿ."

ಅತಿಥಿಗಳನ್ನು ಬಿಟ್ಟು ಹೊರಡಬಹುದಿತ್ತು. ವಿಸ್ತಿನ್‌ಗೆ ಹೇಳಿದ್ದರೆ ಅವನು ಅವರನ್ನು ಕೂರಿಸಿಕೊಂಡು ಚಹಾ ಕೊಡುತ್ತಿದ್ದ. ಆದರೆ ನಾರ್ದುವಿನ ಕಣ್ಣು ಆಗಲೇ ಬಯಲಿನತ್ತ ಹೋಗಿತ್ತು. ಬಯಲ ತುದಿಯಲ್ಲಿ ನೂರಿಪ್ಪತ್ತು ಮೀಟರ್ ನೇರ ಪ್ರಪಾತ, ಬೇಲಿಯಿಲ್ಲ. ಗಾಳಿ ಜೋರಾಗುತ್ತಿತ್ತು. ಒಬ್ಬಳಿಗೆ ಕಾಲು ಉಳುಕಿದೆ. ಯಾರ ಬಳಿಯೂ ಫೋನಿಲ್ಲ. ಎರಡು ಅಂದರೆ ಎರಡು ಎಂದಿದ್ದ ಮೇಷ್ಟ್ರು ಇನ್ನೂ ಬಂದಿಲ್ಲ ಎಂದರೆ ಏನೋ ಆಗಿರಲೇಬೇಕು. ವ್ಯಾನಿಗೆ ಬೀಗವನ್ನೂ ಹಾಕದೆ ಅವನು ಕಾಲುದಾರಿಯಲ್ಲಿ ಓಡಿದ. ಆ ವಯಸ್ಸಿಗೆ ಅದು ಓಟವಲ್ಲ, ಎಡವುತ್ತ ಮುಂದೆ ಹೋಗುವುದು. ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿದ. ಹೆಸರು ಹಿಡಿದು ಕೂಗಿದ. ಕೆಳಗೆ ಬಿಳಿ ನೊರೆ ಮಾತ್ರ. ಫೋನು ಬಡಿಯಿತು.

"ಎಲ್ಲಿದ್ದೀಯೋ?"

"ಹತ್ತು ನಿಮಿಷ ಕಣೇ."

ಅವನು ಇನ್ನೊಂದು ದಾರಿಯಲ್ಲಿ ಏದುಸಿರು ಬಿಡುತ್ತ ಚೌಕಕ್ಕೆ ಮರಳಿದಾಗ ಎರಡೂ ನಲವತ್ತಾರು. ನಾಲ್ವರೂ ಇಗರ್ಜಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಹಾದಿಯಲ್ಲಿ ಯಾರೋ ರೈತನಿಂದ ಕೊಂಡ ಕುರಿಹಾಲಿನ ಗಿಣ್ಣನ್ನು ಚಾಕುವಿನಿಂದ ಕತ್ತರಿಸಿ ತಿನ್ನುತ್ತಿದ್ದರು.

"ಎಲ್ಲಿ ಹೋಗಿದ್ರಿ? ನಾವು ಆಗಲೇ ಬಂದು ಕಾಯ್ತಿದ್ದೀವಿ. ಇನ್ನೂ ನಾಲ್ಕು ನಿಮಿಷ ಬಾಕಿ ಇದೆ," ಎಂದು ಮೇಷ್ಟ್ರು ಮೇಲಕ್ಕೆ ಬೆರಳು ತೋರಿಸಿದರು.

ನಾರ್ದು ಬೆರಳಿನ ಜಾಡು ಹಿಡಿದು ಕತ್ತೆತ್ತಿದ. ಎಡಗಡೆಯ ಗೋಪುರ. ಒಂದು ಐವತ್ತಾರು.

"ಎರಡು ಗಡಿಯಾರದಲ್ಲಿ ಎರಡು ಥರ ಇತ್ತು," ಮೇಷ್ಟ್ರು ಹೇಳುತ್ತಿದ್ದರು. ಅವರ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. "ಯಾವುದು ಸರಿ ಅಂತ ಇವರಿಗೆಲ್ಲ ಗೊಂದಲ. ವ್ಯಾನಿನಿಂದ ಇಳಿದ ಕೂಡಲೇ ನಾನು ಕೋಲು ನೆಟ್ಟು ನೆರಳು ನೋಡಿದೆ. ಸೂರ್ಯ ನೆತ್ತಿಯಿಂದ ಆಗಷ್ಟೇ ಜಾರಿದ್ದ. ಹಾಗಾಗಿ ಎಡಗಡೆಯದೇ ಸರಿ."

ಬೇಸಿಗೆಯಲ್ಲಿ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡಿರುತ್ತದೆ, ಅಕ್ಟೋಬರ್ ಕೊನೆಗೆ ಹಿಂದಕ್ಕೆ ತರುತ್ತದೆ. ಅಲ್ಲಿಯವರೆಗೆ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಒಂದರ ಹೊತ್ತಿಗೆ. ಫೋನು ನೋಡಿ ಅಭ್ಯಾಸವಾದ ಮೇಷ್ಟ್ರಿಗೆ ಆ ಒಂದು ಗಂಟೆ ಮರೆತುಹೋಗಿತ್ತು.

"ಹತ್ತಿ," ಎಂದ ನಾರ್ದು.

ಮನೆಯ ಹೊಸ್ತಿಲಲ್ಲಿ ಪಾವ್ಲಿನಾ ಭಾನುವಾರದ ಕಪ್ಪು ಕೋಟು ತೊಟ್ಟು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಮೇಷ್ಟ್ರ ಹೆಂಡತಿ ಇಳಿದು ಅವಳ ಕೈ ಹಿಡಿದು ಮುಂದಿನ ಸೀಟಿಗೆ ಹತ್ತಿಸಿದಳು. ಹಿಂದೆ ಕೂತವರಿಗೆ ಏನೋ ತಪ್ಪಿದೆ ಎಂದು ಆಗ ಅರ್ಥವಾಯಿತು. ಬಂದರಿಗೆ ಇಳಿಯುವ ತಿರುವಿನಲ್ಲಿ ಎಲ್ಲರಿಗೂ ಹಡಗು ಕಂಡಿತು, ಪಾವ್ಲಿನಾಳೊಬ್ಬಳನ್ನು ಬಿಟ್ಟು. ಅದು ಕಟ್ಟೆಯಿಂದ ದೂರ ಸರಿದು, ಮೂತಿ ತಿರುಗಿಸಿ, ಅಲೆಗೆ ಎದೆಯೊಡ್ಡಿತ್ತು.

"ಬಂದ್ವಾ?" ಎಂದಳು ಪಾವ್ಲಿನಾ.

"ಬಂದ್ವಿ."

ಗ್ರೆತ್ಸ್ಯು ಒದ್ದೆ ಹಗ್ಗ ಸುತ್ತುತ್ತಿದ್ದವನು ವ್ಯಾನಿನತ್ತ ಬಂದು ಕಿಟಕಿಗೆ ಕೈಯಿಟ್ಟ.

"ಎಂಟು ನಿಮಿಷ ಆಯ್ತು ಹೋಗಿ."

"ಸ್ವಲ್ಪ ತಡೀ ಅನ್ನೋಕೆ ಆಗ್ಲಿಲ್ವೇನೋ ನಿಂಗೆ?"

"ಕೂಗಿ ಹೇಳ್ದೆ ಕಣೋ. ನಾನು ಹಗ್ಗ ಬಿಚ್ಚೋನು, ಕ್ಯಾಪ್ಟನ್ ಅಲ್ಲ. ಒಳಗೆ ಇನ್ನೂರು ಜನ, ಹೊರಗೆ ಈ ಗಾಳಿ. ಯಾರು ಕೇಳ್ತಾರೆ?"

"ಹೆಲಿಕಾಪ್ಟರು?"

"ಜೀವ ಹೋಗೋರಿಗೆ ಅದು. ಕಣ್ಣು ಹೋಗೋರಿಗೆ ಕೊಡಲ್ಲ." ಹೇಳಿದ ಮೇಲೆ ಗ್ರೆತ್ಸ್ಯು ಪಾವ್ಲಿನಾಳ ಮುಖ ನೋಡಿ, "ತಪ್ಪು ತಿಳೀಬೇಡ ಅಕ್ಕಾ," ಎಂದ.

ಮೀನು ಹಿಡಿಯುವವರ ಸಾಲಿನಲ್ಲಿ ನಾರ್ದು ಮೂರು ದೋಣಿಯವರನ್ನು ಕೇಳಿದ. ಮೂವರೂ ದೋಣಿಗಳನ್ನು ಜೋಡಿ ಹಗ್ಗದಲ್ಲಿ ಬಿಗಿಯುತ್ತಿದ್ದರು. ಮೂರನೆಯವನು, ಇವನ ಸೋದರತ್ತೆಯ ಮಗ, ಕೈ ಬಿಟ್ಟು ಸುಮ್ಮನೆ ಕಡಲು ತೋರಿಸಿದ.

ವ್ಯಾನಿಗೆ ಮರಳಿ ಅವನು ಆಸ್ಪತ್ರೆಗೆ ಫೋನು ಮಾಡಿದ. ಅದೇ ದಾದಿ. ಅವಳು ಗದರಲಿಲ್ಲ. ಹಡಗು ನಿಂತಿರುವುದು ತಮಗೂ ಗೊತ್ತು, ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದಳು. ಇಪ್ಪತ್ತು ನಿಮಿಷ ಬಿಟ್ಟು ಅವಳೇ ಕರೆದಳು. ನಾಳೆ ಮಧ್ಯಾಹ್ನದ ನಂತರ ಬಂದರೆ ಪರೀಕ್ಷೆ ಮುಗಿಸಿ ನಾಳೆಯೇ ಶಸ್ತ್ರಚಿಕಿತ್ಸೆ ಮಾಡಲಾಗುವುದಿಲ್ಲ, ಮುಂದಿನವರಿಗೆ ತಿಳಿಸಬೇಕಾಗುತ್ತದೆ ಎಂದಳು. "ನಿಮ್ಮ ಹೆಸರು ಪಟ್ಟಿಯಲ್ಲಿ ಮೊದಲೇ ಇರುತ್ತೆ, ಸ್ವಾಮಿ. ಅದನ್ನ ತೆಗೆಯಲ್ಲ."

ಹಿಂದಿನ ಸೀಟಿನಲ್ಲಿ ಮೇಷ್ಟ್ರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದರು. ತಡವಾದದ್ದು ಹೇಗೆ ಎಂದು ಕೇಳಿಕೊಂಡ ಗ್ರೆತ್ಸ್ಯು, ಎಡಗಡೆಯ ಗಡಿಯಾರದ ಗುಟ್ಟನ್ನೂ ಕಣ್ಣಿನ ವಿಷಯವನ್ನೂ ಪಾವ್ಲಿನಾಳ ಮುಂದೆಯೇ ಅವರಿಗೆ ಹೇಳಿಬಿಟ್ಟಿದ್ದ.

"ಯಾವ ಗಡಿಯಾರ ಅಂತ ನೀನು ಹೇಳಿರ್ಲಿಲ್ವಾ ಅವರಿಗೆ?" ಎಂದು ಪಾವ್ಲಿನಾ ಕೇಳಿದಳು.

"ಇಲ್ಲ."

"ದಿನಾ ಹೇಳ್ತಿದ್ಯಲ್ಲ. ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ."

"ಇವತ್ತು ಹೇಳ್ಲಿಲ್ಲ."

ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಗಾಳಿಗೆ ವ್ಯಾನು ಒಮ್ಮೆ ಅಲುಗಿತು.

"ಹಾಗಾದ್ರೆ ನಾನೀಗ ಊಟ ಮಾಡಬಹುದು," ಎಂದಳು.

ನಾರ್ದು ಅತಿಥಿಗಳನ್ನು ಮರೂಷ್ಕಾಳ ಮನೆಗೆ ಬಿಟ್ಟ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅವನು, "ನಿಮ್ಮದೇನೂ ತಪ್ಪಿಲ್ಲ, ಸ್ವಾಮಿ. ನೆರಳು ಸರಿಯಾಗೇ ಇತ್ತು," ಎಂದು ಬಾಗಿಲು ಎಳೆದುಕೊಂಡ. ಮನೆಯಲ್ಲಿ ಸಾರು ಬಿಸಿಮಾಡಿ ಬಡಿಸಿದ. ಪಾವ್ಲಿನಾ ಎರಡು ಸಲ ಹಾಕಿಸಿಕೊಂಡಳು.

ಗಾಳಿ ಮರುದಿನ ನಾಲ್ಕಕ್ಕೆ ನಿಂತಿತು. ಪೊರೆಯನ್ನು ಆ ಬೆಳಿಗ್ಗೆಯೇ ಬೇರೆ ಯಾರಿಗೋ ಹಾಕಿದ್ದರು. ಯಾರಿಗೆ ಎಂದು ಆಸ್ಪತ್ರೆಯವರು ಹೇಳುವಂತಿಲ್ಲ. ನಾರ್ದು ಕೇಳಲೂ ಇಲ್ಲ. ಚಳಿಗಾಲವಿಡೀ ಅವನು ಹಗಲು ರಾತ್ರಿ ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡ. ಸ್ನಾನಕ್ಕೆ ಹೋಗುವಾಗ ಪಾವ್ಲಿನಾಳ ಕೈಗೆ ಕೊಡುತ್ತಿದ್ದ. ಆಸ್ಪತ್ರೆಯಿಂದ ಕರೆ ಬರಲಿಲ್ಲ.

ಮಾರ್ಚ್ ಎರಡನೆಯ ವಾರ ಇಬ್ಬರೂ ಮಾಲ್ಟಾಕ್ಕೆ ಹೋಗಿ ವೈದ್ಯರಿಗೆ ಕಣ್ಣು ತೋರಿಸಿದರು. ಅವರು ದೀಪ ಹಿಡಿದು ಬಹಳ ಹೊತ್ತು ನೋಡಿ, ರಕ್ತನಾಳಗಳು ಪೊರೆಯ ನಡುವಿನವರೆಗೂ ಬಂದಿವೆ ಎಂದರು. ಅದೇ ತಿಂಗಳ ಕೊನೆಗೆ ಪಾವ್ಲಿನಾಳ ಹೆಸರನ್ನು ಪಟ್ಟಿಯಿಂದ ತೆಗೆದರು.