ಕಬರಿಯ ಬಾಲ ಕತ್ತರಿಸಿದ್ದು ನಾನು

ನನ್ನ ಗಂಡ ಪಂಢರಿ ನಮ್ಮೂರು ಡಾಬಕಾದಲ್ಲಿ ಮೂವತ್ತು ವರ್ಷ ದನ ಕಾಯ್ದರು. ಊರವರ ದನ, ಅದರಲ್ಲಿ ನಮ್ಮದೊಂದು ಆಕಳು, ಕಬರಿ.

ಮಳೆಗಾಲದಲ್ಲಿ ತೊಣಚಿ ನೊಣ ರಕ್ತ ಬರುವಂತೆ ಕಚ್ಚುತ್ತವೆ. ಆಗ ಅವರು ಹಳ್ಳದ ಬದಿ ಬಿಟ್ಟು ದನಗಳನ್ನು ಗಾಳಿ ಬೀಸುವ ದಿಬ್ಬಕ್ಕೆ ಹೊಡೆಯುತ್ತಿದ್ದರು. ಅಲ್ಲಿ ದನಗಳು ಎರಡೆರಡಾಗಿ ನಿಲ್ಲುತ್ತವೆ. ಇದರ ತಲೆ ಅದರ ಬಾಲದ ಕಡೆ, ಅದರ ತಲೆ ಇದರ ಬಾಲದ ಕಡೆ. ಒಂದರ ಮುಖದ ನೊಣವನ್ನು ಇನ್ನೊಂದರ ಬಾಲ ಓಡಿಸುತ್ತದೆ. ಮದುವೆಯಾದ ಹೊಸದರಲ್ಲಿ ಅವರು ಇದನ್ನು ನನಗೆ ತೋರಿಸಿದ್ದರು. ನಾನು ಬುತ್ತಿ ಕೊಟ್ಟು ಬಂದುಬಿಟ್ಟೆ, ಸರಿಯಾಗಿ ನೋಡಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಹಾಲು ಹಿಂಡುವಾಗ ಕಬರಿಯ ಬಾಲ ನನ್ನ ಕಣ್ಣಿಗೆ ಬಡಿಯಿತು. ಸಗಣಿ ಮೆತ್ತಿ ಹಗ್ಗದ ಹಾಗಾಗಿತ್ತು. ಸಿಟ್ಟು ಬಂತು. ಕೌದಿಯ ಬಟ್ಟೆ ಕತ್ತರಿಸುವ ಕತ್ತರಿ ತಂದು ಬಾಲದ ಕೂದಲೆಲ್ಲ ಕತ್ತರಿಸಿದೆ.

ಅವರು ಬಂದು ನೋಡಿದರು. ಬೈಯಲಿಲ್ಲ.

"ಅದು ಆಕಿ ಕೈ ಇತ್ತು, ಭಾಗೀರಥಿ."

ಕೂದಲೇ ತಾನೆ, ಮತ್ತೆ ಬರುತ್ತದೆ ಬಿಡಿ ಎಂದೆ.

ಮರುದಿನ ದಿಬ್ಬದ ಮೇಲೆ ಕಬರಿಗೆ ಜೋಡಿ ಸಿಗಲಿಲ್ಲ. ಯಾವ ದನದ ಪಕ್ಕ ನಿಂತರೂ ಅದು ಸ್ವಲ್ಪ ಹೊತ್ತು ನೋಡಿ ಸರಿದು ಹೋಗುತ್ತಿತ್ತು. ಕಬರಿ ಕಾಲು ಝಾಡಿಸುತ್ತ ಓಡಾಡಿದಳು, ಮೇಯಲಿಲ್ಲ. ಕಡೆಗೆ ಇವರೇ ಬೇವಿನ ಟೊಂಗೆ ಮುರಿದುಕೊಂಡು ನೊಣ ಓಡಿಸುತ್ತ ಅವಳ ಪಕ್ಕ ನಿಂತರು. ಅಂದಿನಿಂದ ದಿನಾಲೂ ಅದೇ ಕೆಲಸ. ಮಳೆ ಬಂದರೂ ನಿಂತೇ ಇದ್ದರು.

ಪಕ್ಕದ ಮನೆಯ ಮುನ್ನಿಬೀ ಅದನ್ನು ನೋಡಿ ಬಂದು ಓಣಿಯ ಹೆಂಗಸರ ಮುಂದೆ ಅಂದಳು:

"ಭಾಗೀರಥಿ, ನಿನ್ನ ಗಂಡಗ ಬಾಲ ಬಂದದ ನೋಡವಾ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಭಾದ್ರಪದದಲ್ಲಿ ಅವರಿಗೆ ಜ್ವರ, ಕೆಮ್ಮು. ಔರಾದಕ್ಕೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದೆ.

"ಆಕಿ ಬಾಲ ಬರ್ಲಿ, ಬರ್ತೇನಿ."

ಆ ಟೊಂಗೆ ಇಲ್ಲಿ ಕೊಡಿ, ನಾನು ನಿಲ್ಲುತ್ತೇನೆ ಎನ್ನಬೇಕಿತ್ತು. ಮಾತು ಬಾಯಿವರೆಗೆ ಬಂದಿತ್ತು. ದಿಬ್ಬದ ಮೇಲೆ ನಿಂತರೆ ಓಣಿಯವರು ನನ್ನನ್ನೂ ನೋಡಿ ನಗುತ್ತಾರೆ ಎಂದು ಸುಮ್ಮನಾದೆ. ಹದಿನೈದು ದಿನ ಸುಮ್ಮನಿದ್ದೆ.

ಬೀದರಿಗೆ ಒಯ್ದಾಗ ಎದೆ ಕಟ್ಟಿತ್ತು. ತಡವಾಯಿತು ಎಂದರು ಡಾಕ್ಟರು. ದಸರೆಗೆ ನಾಲ್ಕು ದಿನ ಇದ್ದಾಗ ತೀರಿಕೊಂಡರು.

ಈ ಶ್ರಾವಣಕ್ಕೆ ಕಬರಿಯ ಬಾಲ ತುಂಬಿ ಬಂದಿದೆ. ದಿಬ್ಬದ ಮೇಲೆ ಅವಳಿಗೆ ಜೋಡಿಯೂ ಸಿಕ್ಕಿದೆ. ಹೋಗಿ ನೋಡಿದೆ, ಈ ಸಲ ಬಹಳ ಹೊತ್ತು ನಿಂತು ನೋಡಿದೆ.

ಹಾಲು ಹಿಂಡುವಾಗ ಬಾಲ ಮುಖಕ್ಕೆ ಬಡಿಯುತ್ತದೆ. ನಾನು ಮುಖ ಸರಿಸುವುದಿಲ್ಲ.